ವಿಚ್ಛೇದನದ ನಂತರದ ಪ್ರೇಮ ಮತ್ತು ನಮ್ಮ ಸಿನಿಮಾ

ವಿಚ್ಛೇದನ ಪಡೆದು ನಲವತ್ತೈದು ದಾಟಿದ ಹೆಣ್ಣೊಬ್ಬಳು ಮತ್ತೊಬ್ಬರನ್ನು ಮೆಚ್ಚುವ ಕಥೆಯನ್ನು ನಗುನಗುತ್ತಾ ಹೇಳುವ ಸಿನಿಮಾಗಳನ್ನು ಹಗುರವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ. ಇಂಥ ಚಿತ್ರಗಳಲ್ಲಿ ನನಗೆ ಬಹಳ ಪ್ರಾಮಾಣಿಕವೆನಿಸಿದ್ದು ನಿಕೋಲ್ ಹೋಲೋಫ್ಸೆನರ್ ನಿರ್ದೇಶನದ ‘ಎನಫ್ ಸೆಡ್’ (2013). ಮಸಾಜ್ ಮಾಡಿ ಬದುಕುವ ಈವಾ, ತನ್ನಂತೆಯೇ ವಿಚ್ಛೇದಿತನಾದ ಆಲ್ಬರ್ಟ್‌ನನ್ನು ಮೆಚ್ಚುತ್ತಾಳೆ. ಹೊಸ ಗೆಳತಿಯೊಬ್ಬಳು ಸದಾ ದೂರುವ ಮಾಜಿ ಗಂಡ ಇವನೇ ಎಂದು ಗೊತ್ತಾದ ಮೇಲೂ ಬಾಯಿ ಬಿಡದೆ ಆ ದೂರುಗಳನ್ನು ಕೇಳುತ್ತಲೇ ಹೋಗುತ್ತಾಳೆ. ಬೆಣ್ಣೆಹಣ್ಣಿನ ಚಟ್ನಿಯಲ್ಲಿ ಈರುಳ್ಳಿ ಚೂರುಗಳನ್ನು ಪಕ್ಕಕ್ಕೆ ಸರಿಸಿ ತಿನ್ನುವ ಅವನ ಸಣ್ಣ ಅಭ್ಯಾಸವೂ ಆಕೆಗೆ ಸಹಿಸಲಾಗದ ದೋಷವಾಗಿ ಕಾಣತೊಡಗುತ್ತದೆ. ಚಿತ್ರ ತೆರೆ ಕಾಣುವ ಮೊದಲೇ ತೀರಿಕೊಂಡ ಜೇಮ್ಸ್ ಗ್ಯಾಂಡೊಲ್ಫಿನಿ, ಅವಮಾನಗೊಂಡ ಆ ಮನುಷ್ಯನನ್ನು ಎಷ್ಟು ಘನತೆಯಿಂದ ಅಭಿನಯಿಸಿದ್ದಾರೆಂದರೆ, ನಕ್ಕದ್ದಕ್ಕೆ ನಮಗೇ ಸಂಕಟವಾಗುತ್ತದೆ.

ಬಳ್ಳಾರಿಯಲ್ಲಿ ಕುಳಿತು ನೋಡಿದರೂ ಇದು ಹೊರಗಿನ ಕಥೆ ಎನ್ನಿಸಲಿಲ್ಲ. ಇಲ್ಲಿ ಎರಡನೆಯ ಸಂಬಂಧದ ಮಾತು ಎದ್ದ ಕೂಡಲೇ, ‘ಮೊದಲಿನಾಕಿ ಯಾಕ ಬಿಟ್ಟಳಂತ?’ ಎಂದು ಆಕೆಯ ತವರಿನವರೆಗೂ ಹೋಗಿ ವಿಚಾರಿಸುತ್ತಾರೆ.

ನಮ್ಮ ಕಡೆಯ ಎಷ್ಟೋ ಸಮುದಾಯಗಳಲ್ಲಿ ಗಂಡನನ್ನು ಬಿಟ್ಟವಳಿಗೂ ಕಳೆದುಕೊಂಡವಳಿಗೂ ಕೂಡಿಕೆ, ಉಡಿಕೆ ಎಂಬ ಮರುಮದುವೆಯ ದಾರಿ ಹಿಂದಿನಿಂದಲೂ ಇತ್ತು. ಆದರೆ ಹೊಸ ಸೀರೆ ಉಡಿಸಿ ಸದ್ದಿಲ್ಲದೆ ಮುಗಿಸುತ್ತಿದ್ದರು. ಆಮೇಲೆ ಶುಭಕಾರ್ಯಗಳಲ್ಲಿ ಆಕೆಯನ್ನು ಹಿಂದೆ ನಿಲ್ಲಿಸುತ್ತಿದ್ದರು. ಮತ್ತೆ ಕೂಡಿ ಬಾಳುವುದನ್ನು ಒಪ್ಪಿದ ಸಮಾಜ ಆ ಬಾಳಿನ ಸಂತೋಷವನ್ನು ಮಾತ್ರ ಒಪ್ಪಲಿಲ್ಲ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲೇ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿತು. ಸೂಕ್ತ ಪ್ರಕರಣಗಳಲ್ಲಿ ಆರು ತಿಂಗಳ ಕಾಯುವಿಕೆಯನ್ನೂ ಕೈಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಓಣಿಯ ಜನ ಅಷ್ಟು ಬೇಗ ಬಿಡುಗಡೆ ಕೊಡುವುದಿಲ್ಲ. ಆ ಸಂತೋಷವನ್ನು ತೆರೆಯ ಮೇಲೆ ಎಲ್ಲರೆದುರು ತಂದು ನಿಲ್ಲಿಸುವ ಕಾರಣಕ್ಕೇ ಈ ಚಿತ್ರಗಳು ನನಗೆ ಮುಖ್ಯ.

ಹಾಗೆಂದು ಅವನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ನ್ಯಾನ್ಸಿ ಮೇಯರ್ಸ್ ಅವರ ‘ಇಟ್ಸ್ ಕಾಂಪ್ಲಿಕೇಟೆಡ್’ (2009) ಚಿತ್ರದಲ್ಲಿ ಮೆರಿಲ್ ಸ್ಟ್ರೀಪ್ ಅಭಿನಯಿಸಿದ ನಾಯಕಿಗೆ ಸ್ವಂತ ಬೇಕರಿಯಿದೆ, ದೊಡ್ಡ ಮನೆಯಿದೆ, ಅದನ್ನು ಇನ್ನೂ ವಿಸ್ತರಿಸಲು ಬಂದ ವಾಸ್ತುಶಿಲ್ಪಿಯೇ ಆಕೆಯನ್ನು ಮೆಚ್ಚುತ್ತಾನೆ. ನಮ್ಮೂರಿನಲ್ಲಿ ಪೀಸಿನ ಲೆಕ್ಕಕ್ಕೆ ಜೀನ್ಸ್ ಹೊಲಿದು ಮಗಳನ್ನು ಓದಿಸುವ ಹೆಣ್ಣಿಗೆ ಅಷ್ಟೊಂದು ನಿಶ್ಚಿಂತೆ ಎಲ್ಲಿಯದು? ಮೆಚ್ಚಿದವನ ಫೋನ್ ಬಂದರೆ ಪಕ್ಕದವರಿಗೆ ಕೇಳಿಸದಿರಲೆಂದು ಹೊಲಿಗೆ ಯಂತ್ರದ ಪೆಡಲ್ ಒತ್ತಿಕೊಂಡೇ ಮಾತಾಡುವವಳು ಆಕೆ. ‘ಮೊದಲು ಮಗಳ ಲಗ್ನ ಆಗಲಿ’ ಎಂದು ಅಣ್ಣ ಹೇಳಿದರೆ ಸುಮ್ಮನಾಗುವವಳು. ತಾಯಿಗೆ ಗೊತ್ತಿಲ್ಲದಂತೆ ಮಗಳೇ ಆ ಗಂಡಸನ್ನು ಕಾಣಲು ಹೋಗಿ, ಸಂಬಳ, ಸಾಲ, ಸಕ್ಕರೆ ಕಾಯಿಲೆ ಎಲ್ಲವನ್ನೂ ವಿಚಾರಿಸಿಕೊಂಡು ಬಂದರೆ ಅದಕ್ಕಿಂತ ಒಳ್ಳೆಯ ಹಾಸ್ಯ ಬೇಕೇ? ಕನ್ನಡದಲ್ಲಿ ಯಾರಾದರೂ ಇದನ್ನು ಬರೆಯಬೇಕು. ಆದರೆ ಕೊನೆಯಲ್ಲಿ ತಾಯಿ ಮಗಳ ಎದುರು ಕಣ್ಣೀರಿಟ್ಟು ಕ್ಷಮೆ ಕೇಳುವ ದೃಶ್ಯವನ್ನು ದಯವಿಟ್ಟು ಇಡಬಾರದು. ಆಕೆ ಅಂಥ ತಪ್ಪೇನೂ ಮಾಡಿಲ್ಲ.