ಅಮ್ಮನ ಚೀಟಿ, ಮ್ಯೂನಿಕ್‌ನ ಬಾಡಿಗೆ ಮನೆ

2008ರ ಅಕ್ಟೋಬರ್ 5, ಭಾನುವಾರ. ನಾನು ಮ್ಯೂನಿಕ್‌ಗೆ ಬಂದು ಆಗ ಎರಡು ವರ್ಷವಾಗಿತ್ತು. ಜಗತ್ತಿನ ಹಣಕಾಸು ಬಿಕ್ಕಟ್ಟಿನಲ್ಲಿ ಬ್ಯಾಂಕುಗಳು ಅಲುಗಾಡುತ್ತಿದ್ದ ದಿನಗಳು ಅವು. ಟಿವಿಯಲ್ಲಿ ಆಗಿನ ಜರ್ಮನ್ ಚಾನ್ಸಲರ್ ಆಂಗೆಲಾ ಮರ್ಕೆಲ್ ಮತ್ತು ಹಣಕಾಸು ಸಚಿವ ಪೇರ್ ಸ್ಟೈನ್‌ಬ್ರೂಕ್ ಕಾಣಿಸಿಕೊಂಡು, ಉಳಿತಾಯ ಮಾಡಿದವರ ಠೇವಣಿ ಸುರಕ್ಷಿತ ಎಂದರು. ದೇಶದ ಅಷ್ಟೂ ಠೇವಣಿಗೆ ಖಾತರಿ ಕೊಡುವ ಕಾನೂನು ಆಗ ಇರಲಿಲ್ಲ. ಇದ್ದದ್ದು ಅವರಿಬ್ಬರ ಮಾತು ಮಾತ್ರ. ಸೋಮವಾರ ನಮ್ಮ ಬೀದಿಯ ಬ್ಯಾಂಕಿನ ಮುಂದೆ ಎಂದಿನಷ್ಟೇ ಜನ.

ಅದೇ ವಾರ ಬೆಂಗಳೂರಿನಲ್ಲಿ ನಮ್ಮ ಭಾವ ಕನಕಪುರ ರಸ್ತೆಯ ಫ್ಲ್ಯಾಟಿಗೆ ಕೊಟ್ಟಿದ್ದ ಅಡ್ವಾನ್ಸ್ ವಾಪಸ್ ಕೇಳಿದರು. ಅವರ ಸಂಬಳದಲ್ಲಿ ಒಂದು ರೂಪಾಯಿಯೂ ಕಮ್ಮಿಯಾಗಿರಲಿಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ ಯಾರೋ ‘ಈ ಸಲ ನಮ್ಮ ಪ್ರಾಜೆಕ್ಟಿಗೂ ಕತ್ತರಿಯಂತೆ’ ಎಂದಿದ್ದರು, ಅಷ್ಟೇ. ಅಕ್ಕ ಫೋನಿನಲ್ಲಿ, “ನಿಮ್ಮ ಭಾವ ಮೂರು ದಿನದಿಂದ ನಿದ್ದೆ ಮಾಡಿಲ್ಲ ಕಣೋ” ಎಂದಳು. ಹೇಡಿತನ ಅಂತ ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕೆಲಸ ಹೋದರೆ ಹಿಂದೆ ನಿಲ್ಲುವವರು ಯಾರೂ ಇಲ್ಲದ ಊರಿನಲ್ಲಿ ಭಯಪಡುವುದೂ ಒಂದು ಲೆಕ್ಕವೇ.

ಹೂಡಿಕೆಗೆ ಕೈಹಾಕುವವನನ್ನು ಮುಂದೆ ತಳ್ಳುವುದು ಕೂಡಿ ಕಳೆದ ಲೆಕ್ಕಕ್ಕಿಂತ ಒಳಗಿನ ಹುಮ್ಮಸ್ಸು ಎಂದು ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲೇ ಬರೆದಿದ್ದರು. ಈಗ ಆ ಹುಮ್ಮಸ್ಸನ್ನೂ ಅಳೆಯುತ್ತಾರೆ. ನಾನಿರುವ ಊರಿನಲ್ಲೇ ಇರುವ ಇಫೋ ಎಂಬ ಆರ್ಥಿಕ ಸಂಶೋಧನಾ ಸಂಸ್ಥೆ ತಿಂಗಳಿಗೊಮ್ಮೆ ಸುಮಾರು 9,000 ಕಂಪನಿಗಳನ್ನು ವ್ಯಾಪಾರ ಹೇಗಿದೆ, ಮುಂದಿನ ಆರು ತಿಂಗಳು ಹೇಗಿರಬಹುದು ಎಂದು ಕೇಳುತ್ತದೆ. ನಮ್ಮ ರಿಸರ್ವ್ ಬ್ಯಾಂಕ್ ಕೂಡ ಬೆಂಗಳೂರು ಸೇರಿ ಹಲವು ನಗರಗಳ ಮನೆಗಳಿಗೆ ಹೋಗಿ ಗ್ರಾಹಕರ ವಿಶ್ವಾಸ ಕೇಳುತ್ತದೆ. ಆ ಸೂಚ್ಯಂಕದಲ್ಲಿ 100 ಅಂದರೆ ಆಸೆ, ಆತಂಕ ಎರಡೂ ಸಮ. 2021ರ ಮೇ ತಿಂಗಳಲ್ಲಿ ಅದು 48.5ಕ್ಕೆ ಕುಸಿದಿತ್ತು. ಕೊರೊನಾ ಎರಡನೇ ಅಲೆಯ ಆ ದಿನಗಳಲ್ಲಿ ಅಕ್ಕನ ಮನೆಯ ವಾಷಿಂಗ್ ಮಷೀನ್ ಕೆಟ್ಟು ನಿಂತಿತ್ತು. ದುಡ್ಡಿದ್ದೂ ಹೊಸದು ತರಲಿಲ್ಲ, ಎಂಟು ತಿಂಗಳು ಕೈಯಲ್ಲೇ ಒಗೆದಳು. ಹಾಗೆ ಎಲ್ಲ ಮನೆಗಳೂ ಕೈಬಿಗಿ ಹಿಡಿದರೆ ಅಂಗಡಿಯವನು ಹುಡುಗರನ್ನು ಕೆಲಸದಿಂದ ಬಿಡಿಸುತ್ತಾನೆ, ಅಕ್ಕ ಹೆದರಿದ್ದು ಇನ್ನೊಬ್ಬರ ಮನೆಯಲ್ಲಿ ನಿಜವಾಗುತ್ತದೆ.

ನಂಬಿಕೆ ಅಂದಾಗ ನನಗೆ ಮೊದಲು ನೆನಪಾಗುವುದು ಹನುಮಂತನಗರದ ನಮ್ಮ ವಠಾರ, ಅಮ್ಮನ ಚೀಟಿ. ಇಪ್ಪತ್ತು ಜನ, ತಲೆಗೆ ತಿಂಗಳಿಗೆ 500 ರೂಪಾಯಿ, ಇಪ್ಪತ್ತು ತಿಂಗಳು. ಕೂಡಿದ 10,000 ರೂಪಾಯಿಗೆ ಕೂಗು. ತುರ್ತಿದ್ದವರು ‘ನನಗೆ ಎಂಟು ಸಾವಿರ ಸಾಕು’ ಎಂದು ಎರಡು ಸಾವಿರ ಬಿಟ್ಟುಕೊಟ್ಟು ಚೀಟಿ ಎತ್ತುತ್ತಿದ್ದರು. ಬಿಟ್ಟದ್ದು ಎಲ್ಲರಿಗೂ ಹಂಚಿಕೆ. ಯಾರ ಮಗಳ ಬಾಣಂತನ, ಯಾರ ಮಗನ ಫೀಸು ಅನ್ನುವುದು ವಠಾರಕ್ಕೆಲ್ಲ ಗೊತ್ತು. ಅಂಥ ತಿಂಗಳು ಬೇರೆ ಯಾರೂ ಪೈಪೋಟಿಗೆ ಕೂಗುತ್ತಿರಲಿಲ್ಲ. ಅವರು ಬಿಡಬೇಕಾದ ದುಡ್ಡು ಕಮ್ಮಿಯಾಗಲಿ ಅಂತ. ಬರೀ ಲಾಭ ನೋಡುವವರು ಹೀಗೆ ಮಾಡುವುದಿಲ್ಲ. ಅಪ್ಪನಿಗೆ ಎದೆನೋವು ಬಂದಾಗ ಆಸ್ಪತ್ರೆಗೆ ಕಟ್ಟಬೇಕಾದ ದುಡ್ಡು ಇದೇ ಜನರಿಂದ ಒಂದೇ ಸಂಜೆಯಲ್ಲಿ ಬಂತು. ಯಾರೂ ಕಾಗದ ಕೇಳಲಿಲ್ಲ.

ಒಮ್ಮೆ ಮಾತ್ರ ಚೀಟಿ ನಡೆಸುತ್ತಿದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿಕೊಂಡು ಹೋದರು. ಅಮ್ಮನ ಹನ್ನೊಂದು ಕಂತು ಮುಳುಗಿತು. 1982ರ ಚಿಟ್ ಫಂಡ್ ಕಾಯ್ದೆಯಂತೆ ನೋಂದಣಿಯಾಗಿದ್ದ ಚೀಟಿಯಲ್ಲ, ಹೋಗಿ ಕೇಳಲು ಜಾಗವೇ ಇಲ್ಲ. ಆಮೇಲೆ ಎರಡು ವರ್ಷ ಅಮ್ಮ ಬ್ಯಾಂಕಿಗೂ ದುಡ್ಡು ಹಾಕಲಿಲ್ಲ. ಬ್ಯಾಂಕು ಏನೂ ತಪ್ಪು ಮಾಡಿರಲಿಲ್ಲ.

ಇಲ್ಲಿ ಮ್ಯೂನಿಕ್‌ನಲ್ಲಿ ನನ್ನ ಪಕ್ಕದ ಮನೆಯ ಅಜ್ಜಿ ಈಗಲೂ ತರಕಾರಿಯಿಂದ ಹಿಡಿದು ಸೋಫಾವರೆಗೆ ನಗದು ಕೊಟ್ಟೇ ಕೊಳ್ಳುತ್ತಾರೆ. 1948ರಲ್ಲಿ ಇಲ್ಲಿ ಹಳೆಯ ನೋಟು ಹೋಗಿ ಹೊಸ ಮಾರ್ಕ್ ಬಂದಾಗ ಬ್ಯಾಂಕಿನಲ್ಲಿಟ್ಟ 100 ಹಳೆಯ ಮಾರ್ಕಿಗೆ ಕೊನೆಗೆ ಸಿಕ್ಕಿದ್ದು ಆರೂವರೆ ಹೊಸ ಮಾರ್ಕ್. ಅಜ್ಜಿಗೆ ಆಗ ಹತ್ತು ವರ್ಷ. ತಾಯಿಯ ಮುಖ ಇನ್ನೂ ನೆನಪಿದೆ ಎನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ ‘ಶುಲ್ಡ್’ ಅಂದರೆ ಸಾಲ, ತಪ್ಪು ಅನ್ನುವುದಕ್ಕೂ ಅದೇ ಪದ. ನಮ್ಮಲ್ಲಿ ‘ಋಣ’ ಅನ್ನುತ್ತೇವೆ. ಅನ್ನದ ಋಣ, ಮಣ್ಣಿನ ಋಣ, ಋಣಾನುಬಂಧ. ಸಾಲ ಎಂದರೆ ಇಲ್ಲಿನವರಿಗೆ ಮುಜುಗರ, ನಮಗೆ ನಂಟು. ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ ಇಲ್ಲಿನ ಗೆಳೆಯನ ಹತ್ತಿರ ನಾನು ಇವತ್ತಿಗೂ ಕೈಸಾಲ ಕೇಳಲಾರೆ.

ಆದರೆ ಇಲ್ಲಿ ನಂಬಿಕೆಯ ಭಾರವನ್ನು ಕಾನೂನು ಹೊತ್ತುಕೊಂಡಿದೆ. ಅದನ್ನು ನಾನು ಕಂಡಿದ್ದು ಬಾಡಿಗೆ ಮನೆಯಲ್ಲಿ. ಅಡ್ವಾನ್ಸ್ ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ. ಮಾಲೀಕ ಅದನ್ನು ತನ್ನ ದುಡ್ಡಿನ ಜೊತೆ ಬೆರೆಸದೆ ಬೇರೆಯಾಗಿ ಇಡಬೇಕು. ನಾನು ಮನೆ ಬಿಟ್ಟಾಗ ಸ್ವಲ್ಪ ಬಡ್ಡಿಯೂ ಸೇರಿ ಬಂತು. ಮಾಲೀಕರ ಜಾತಿ, ಊರು ನನಗೆ ಗೊತ್ತಿರಲಿಲ್ಲ, ನನ್ನದು ಅವರಿಗೆ ಬೇಕಿರಲಿಲ್ಲ. ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಯಲ್ಲೇ ನೆಮ್ಮದಿಯಾಗಿರುವುದಕ್ಕೆ ಇದೂ ಒಂದು ಕಾರಣ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಮನೆಗಳು ಈಗಲೂ ಉಂಟು. ಮಾಲೀಕನಿಗೆ ಬಾಡಿಗೆದಾರ ಖಾಲಿ ಮಾಡದಿದ್ದರೆ ಕೋರ್ಟಿಗೆ ಅಲೆಯಬೇಕಲ್ಲ ಎಂಬ ಭಯ. ಬಾಡಿಗೆದಾರನಿಗೆ ‘ಪೇಂಟಿಂಗ್’ ಎಂದು ಎಷ್ಟು ಮುರಿದುಕೊಳ್ಳುತ್ತಾರೋ ಎಂಬ ಭಯ. ಇಬ್ಬರ ಭಯದ ಬೆಲೆಯನ್ನೂ ಕಟ್ಟುವವನು ಬಾಡಿಗೆದಾರನೇ. ಕಲಬುರಗಿಯಿಂದಲೋ ರಾಯಚೂರಿನಿಂದಲೋ ಮೊದಲ ಕೆಲಸಕ್ಕೆ ಬಂದ ಹುಡುಗಿ 20,000 ಬಾಡಿಗೆಯ ಮನೆಗೆ ಎರಡು ಲಕ್ಷ ಹೊಂದಿಸಬೇಕು. ವಠಾರದವರಂತೆ ಅವಳ ಗುರುತು ಹೇಳುವವರು ಈ ಊರಲ್ಲಿ ಯಾರೂ ಇಲ್ಲ. ಮುಖ ನೋಡಿ ಹುಟ್ಟುವ ನಂಬಿಕೆಯಲ್ಲಿ ನಾನೇ ಬೆಳೆದವನು. ಆದರೆ ಊರು ಇಷ್ಟು ದೊಡ್ಡದಾದ ಮೇಲೆ ಮುಖಗಳು ಸಾಲುವುದಿಲ್ಲ. 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಕೇಂದ್ರ ವಾಸದ ಮನೆಗೆ ಎರಡು ತಿಂಗಳ ಮಿತಿ ಸೂಚಿಸಿತ್ತು. ಅಂಥ ಮಿತಿ ನಮ್ಮೂರಿನ ಪ್ರತಿ ಬೀದಿಯಲ್ಲೂ ಜಾರಿಗೆ ಬರಬೇಕು, ಮಾಲೀಕನ ದೂರಿಗೂ ತಿಂಗಳುಗಳಲ್ಲೇ ತೀರ್ಪು ಸಿಗಬೇಕು.

ಇಂಥದ್ದು ಆಗದ ಮಾತೇನಲ್ಲ. ಬ್ಯಾಂಕ್ ಮುಳುಗಿದರೆ ನಮ್ಮಲ್ಲಿ ಠೇವಣಿದಾರನಿಗೆ ಸಿಗುವ ವಿಮೆಯ ಮಿತಿ 1993ರಿಂದ ಒಂದು ಲಕ್ಷದಲ್ಲೇ ನಿಂತಿತ್ತು. 2020ರ ಫೆಬ್ರವರಿಯಲ್ಲಿ ಐದು ಲಕ್ಷವಾಯಿತು. ಮರುವರ್ಷ, ಬ್ಯಾಂಕಿಗೆ ನಿರ್ಬಂಧ ಬಿದ್ದರೆ 90 ದಿನದೊಳಗೆ ಆ ದುಡ್ಡು ಕೊಡಬೇಕೆಂದು ಕಾಯ್ದೆ ತಿದ್ದಿದರು. ಫೋನಿನಲ್ಲಿ ಅಮ್ಮನಿಗೆ ಇದನ್ನು ವಿವರಿಸಿದೆ. ಎರಡು ಸಲ ‘ತೊಂಬತ್ತೇ ದಿನಾನಾ?’ ಎಂದು ಕೇಳಿದರು. ಮರುವಾರ ಅಕ್ಕನನ್ನು ಕರೆದುಕೊಂಡು ಹೋಗಿ, ಬೀರುವಿನಲ್ಲಿ ಸೀರೆಯ ಮಡಿಕೆಯಲ್ಲಿಟ್ಟಿದ್ದ ದುಡ್ಡನ್ನು ಎಫ್‌ಡಿ ಮಾಡಿಸಿ ಬಂದರು.

ಅಕ್ಕನ ಮಗ ಹೋದ ತಿಂಗಳು ಮಾರತ್ತಹಳ್ಳಿಯಲ್ಲಿ ಮನೆ ಹಿಡಿದ. ಅಡ್ವಾನ್ಸ್ ಎರಡೂವರೆ ಲಕ್ಷ. ಅಕ್ಕ ತನ್ನ ಮದುವೆಯ ಎರಡು ಬಳೆ ಗಿರವಿ ಇಟ್ಟಳು. ನನಗೆ ಹೇಳಿದ್ದು ಆಮೇಲೆ.