ಅಮೆರಿಕದ ಪಿತೃಪಕ್ಷ

ನಮ್ಮಲ್ಲಿ ಪಿತೃಪಕ್ಷ ಭಾದ್ರಪದದಲ್ಲಿ ಬರುತ್ತದೆ. ಅಮೆರಿಕದವರಿಗೆ ಅದು ಫೆಬ್ರವರಿಯಲ್ಲಿ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ ಫೆಬ್ರವರಿ 22ರ ಆಸುಪಾಸಿನಲ್ಲಿ ಅಲ್ಲಿನ ಸೆನೆಟ್ ಸದಸ್ಯರೊಬ್ಬರು ಎದ್ದು ನಿಂತು, ಆ ಮಹಾನುಭಾವ 1796ರಲ್ಲಿ ದೇಶವಾಸಿಗಳಿಗೆ ಬರೆದ ವಿದಾಯಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. 7,641 ಪದಗಳು, ಮುಕ್ಕಾಲು ಗಂಟೆಯ ಪಾರಾಯಣ. 1896ರಿಂದ ವರ್ಷ ವರ್ಷವೂ ನಡೆದುಕೊಂಡು ಬಂದ ಪದ್ಧತಿ. ಪತ್ರದಲ್ಲಿ ಹಲವು ಉಪದೇಶಗಳಿವೆ. ಅವುಗಳಲ್ಲಿ ಮುಖ್ಯವಾದದ್ದು, ಪಕ್ಷ ಕಟ್ಟಿಕೊಂಡು ಕಚ್ಚಾಡಬೇಡಿ, ಪಕ್ಷದ ಅಮಲು ತಲೆಗೇರಿದರೆ ದೇಶ ಉಳಿಯುವುದಿಲ್ಲ ಎಂಬುದು. ಸರಿ, ಓದುವವರನ್ನು ಆರಿಸುವುದು ಹೇಗೆ? ಒಂದು ವರ್ಷ ಡೆಮಾಕ್ರಟಿಕ್ ಪಕ್ಷದವರು, ಮರುವರ್ಷ ರಿಪಬ್ಲಿಕನ್ ಪಕ್ಷದವರು. ಪಾಳಿ ತಪ್ಪುವಂತಿಲ್ಲ.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಮಾತನ್ನು ನಾವು ಆಡಿಕೊಳ್ಳಲು ಬಳಸುತ್ತೇವೆ. ಅವರು ಅದನ್ನೇ ಸದನದ ಸಂಪ್ರದಾಯ ಮಾಡಿಕೊಂಡಿದ್ದಾರೆ.

ಇಷ್ಟಕ್ಕೇ ನಕ್ಕು ಮುಂದೆ ಹೋಗಬೇಡಿ. ಆ ಪತ್ರವನ್ನು ಬರೆದುಕೊಟ್ಟವರು ಯಾರು ಎಂದು ಕೇಳಿ. ವಾಷಿಂಗ್ಟನ್ 1792ರಲ್ಲೇ ಮನೆಗೆ ಹೋಗುವ ಮನಸ್ಸು ಮಾಡಿದಾಗ ಮೊದಲ ಕರಡು ಬರೆದವನು ಜೇಮ್ಸ್ ಮ್ಯಾಡಿಸನ್. ನಾಲ್ಕು ವರ್ಷ ಬಿಟ್ಟು ನಿಜವಾಗಿ ಹೊರಟಾಗ ಅದನ್ನು ಹಿಗ್ಗಿಸಿ ತಿದ್ದಿ ಬರೆದವನು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಈ ಇಬ್ಬರ ಬಿಡುವಿನ ಕಸುಬು ಏನು? ಮ್ಯಾಡಿಸನ್ ತನ್ನ ಗೆಳೆಯ ಥಾಮಸ್ ಜೆಫರ್ಸನ್ ಜೊತೆ ಸೇರಿ ಒಂದು ಪಕ್ಷ ಕಟ್ಟುತ್ತಿದ್ದ. ಅದಕ್ಕೆ ಎದುರಾಳಿಯಾದ ಫೆಡರಲಿಸ್ಟ್ ಪಕ್ಷವನ್ನು ಹ್ಯಾಮಿಲ್ಟನ್ ಕಟ್ಟುತ್ತಿದ್ದ. ಒಂದೇ ಬೀದಿಯ ಇಬ್ಬರು ಸಾರಾಯಿ ಅಂಗಡಿಯವರು ಸರದಿಯ ಮೇಲೆ ಕುಳಿತು ಪಾನನಿರೋಧದ ಭಾಷಣ ಬರೆದುಕೊಟ್ಟ ಹಾಗೆ.

ಈಗ ಅಮೆರಿಕದ ಯಾವ ಟೀವಿ ಚರ್ಚೆ ನೋಡಿದರೂ ಒಬ್ಬ ಹಿರಿಯರು ಕನ್ನಡಕ ತೆಗೆದು ನಿಟ್ಟುಸಿರು ಬಿಡುತ್ತಾರೆ: ನಾವು ಹೀಗಿರಲಿಲ್ಲ, ದೇಶ ಎರಡು ಹೋಳಾಗಿದೆ, ಪತ್ರಿಕೆಗಳು ಪಕ್ಷಗಳ ತುತ್ತೂರಿಯಾಗಿವೆ. ಸ್ವಾಮಿ, ನೀವು ಹೀಗೆಯೇ ಇದ್ದಿರಿ.

ವಾಷಿಂಗ್ಟನ್ನರ ಮಂತ್ರಿಮಂಡಲದ ಒಳಕೋಣೆಗೇ ಹೋಗೋಣ. ಖಜಾನೆ ಹ್ಯಾಮಿಲ್ಟನ್ ಕೈಯಲ್ಲಿ, ವಿದೇಶಾಂಗ ಜೆಫರ್ಸನ್ ಕೈಯಲ್ಲಿ. ಜಾನ್ ಫೆನ್ನೊ ಎಂಬುವನ ‘ಗೆಜೆಟ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’ ಪತ್ರಿಕೆ ಹ್ಯಾಮಿಲ್ಟನ್‌ನನ್ನು ಹೊಗಳುತ್ತಿತ್ತು, ಖಜಾನೆಯ ಮುದ್ರಣದ ಕೆಲಸ ಫೆನ್ನೊನ ಅಚ್ಚುಕೂಟಕ್ಕೆ ಹೋಗುತ್ತಿತ್ತು. ಇದನ್ನು ಕಂಡು ಜೆಫರ್ಸನ್ ಸುಮ್ಮನಿರಲಿಲ್ಲ. ಫಿಲಿಪ್ ಫ್ರೆನೊ ಎಂಬ ಕವಿಯನ್ನು ಕರೆತಂದು ತನ್ನ ಇಲಾಖೆಯಲ್ಲಿ ಭಾಷಾಂತರದ ಗುಮಾಸ್ತನನ್ನಾಗಿ ಕೂರಿಸಿದ. ವರ್ಷಕ್ಕೆ 250 ಡಾಲರ್ ಸಂಬಳ. ಕೆಲಸ ಹೇಳಿಕೊಳ್ಳುವಷ್ಟೇನೂ ಇರಲಿಲ್ಲ. ಉಳಿದ ಹೊತ್ತಿನಲ್ಲಿ, ಅಂದರೆ ಹೆಚ್ಚುಕಡಿಮೆ ಇಡೀ ದಿನ, ಫ್ರೆನೊ 1791ರಲ್ಲಿ ಶುರುವಾದ ‘ನ್ಯಾಷನಲ್ ಗೆಜೆಟ್’ ಪತ್ರಿಕೆಯಲ್ಲಿ ತನಗೆ ಸಂಬಳ ಕೊಡುತ್ತಿದ್ದ ಸರ್ಕಾರವನ್ನೇ ಬೈಯುತ್ತಿದ್ದ. ಬೈದು ಸುಮ್ಮನಾಗದೆ, ಅಧ್ಯಕ್ಷರ ಮನೆಗೆ ಕೇಳದೆಯೇ ಮೂರು ಮೂರು ಪ್ರತಿ ಕಳಿಸುತ್ತಿದ್ದ. 1793ರ ಆಗಸ್ಟ್‌ನಲ್ಲಿ ಒಂದು ದಿನ ಮಂತ್ರಿಗಳ ಸಭೆಯಲ್ಲಿ ವಾಷಿಂಗ್ಟನ್ನರ ಸಹನೆಯ ಕಟ್ಟೆ ಒಡೆಯಿತು. ಆ ಪೋಕರಿ ಫ್ರೆನೊ ನನ್ನನ್ನು ತನ್ನ ಪತ್ರಿಕೆ ಹಂಚುವವನು ಅಂದುಕೊಂಡಿದ್ದಾನೆಯೇ ಎಂದು ಅವರು ಕೂಗಾಡಿದರು. ಅದೇ ಮೇಜಿನ ಮುಂದೆ ಜೆಫರ್ಸನ್ ಕುಳಿತಿದ್ದ. ಅವನು ಮಾಡಿದ್ದು ಇಷ್ಟೇ: ಅಧ್ಯಕ್ಷರ ಸಿಟ್ಟನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ನೀಟಾಗಿ ಬರೆದಿಟ್ಟುಕೊಂಡ. ನಮಗೆ ಈ ಪ್ರಸಂಗ ಗೊತ್ತಿರುವುದೇ ಆ ಟಿಪ್ಪಣಿಯಿಂದ.

ಹೀಗೆ ಸಾಕಿದ ಲೇಖನಿ ಯಾವತ್ತೂ ಒಡೆಯನ ಕೈಯಲ್ಲೇ ಇರುತ್ತದೆ ಎನ್ನುವಂತಿಲ್ಲ. ಜೇಮ್ಸ್ ಕ್ಯಾಲೆಂಡರ್ ಎಂಬ ಬೈಗುಳದ ಬರಹಗಾರನಿಗೆ ಆಗಿನ ಅಧ್ಯಕ್ಷ ಜಾನ್ ಆಡಮ್ಸ್‌ನನ್ನು ಹಳಿಯಲು ಜೆಫರ್ಸನ್ ಕೈಯಿಂದ ದುಡ್ಡು ಹೋಗಿತ್ತು. ಜೆಫರ್ಸನ್ ಅಧ್ಯಕ್ಷನಾದ ಮೇಲೆ ಈತ ರಿಚ್ಮಂಡ್ ಊರಿನ ಅಂಚೆ ಮಾಸ್ತರಿಕೆ ಕೇಳಿದ. ಸಿಗಲಿಲ್ಲ. 1802ರಲ್ಲಿ ಜೆಫರ್ಸನ್‌ಗೂ ಅವನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಗೂ ಇದ್ದ ಸಂಬಂಧದ ವಿಷಯ ಕ್ಯಾಲೆಂಡರ್ ಲೇಖನಿಯಿಂದಲೇ ಅಚ್ಚಿನಲ್ಲಿ ಬಂತು. ಒಂದು ಅಂಚೆ ಕಚೇರಿ ಕೊಟ್ಟಿದ್ದರೆ ಆಗುತ್ತಿತ್ತು.

ಈಗಿನ ಸಂಸತ್ತಿನಲ್ಲಿ ಸಭ್ಯತೆ ಇಲ್ಲ ಎಂದು ಕೊರಗುವವರಿಗೆ ಆಗ ರಾಜಧಾನಿಯಾಗಿದ್ದ 1798ರ ಫಿಲಡೆಲ್ಫಿಯಾ ತೋರಿಸಬೇಕು. ಕನೆಕ್ಟಿಕಟ್‌ನ ಫೆಡರಲಿಸ್ಟ್ ರೋಜರ್ ಗ್ರಿಸ್‌ವೋಲ್ಡ್, ವರ್ಮಾಂಟ್‌ನ ಮ್ಯಾಥ್ಯೂ ಲಯನ್ ಎಂಬ ಜೆಫರ್ಸನ್ ಪಕ್ಷದವನನ್ನು ಯುದ್ಧಕಾಲದಲ್ಲಿ ಹೇಡಿತನಕ್ಕೆ ಮರದ ಕತ್ತಿ ಕಟ್ಟಿಸಿಕೊಂಡವನು ಎಂಬ ಹಳೆಯ ಕಥೆ ಎತ್ತಿ ಹಂಗಿಸಿದ. ಲಯನ್ ಅವನ ಮುಖಕ್ಕೆ ಉಗಿದ. ಸದನ ತನ್ನ ಕೆಲಸವನ್ನೆಲ್ಲ ಬದಿಗಿಟ್ಟು ಎರಡು ವಾರ ಆ ಉಗುಳಿನ ಮೇಲೆ ಚರ್ಚೆ ನಡೆಸಿತು. ಉಗಿದವನನ್ನು ಹೊರಹಾಕಲು ಮೂರನೇ ಎರಡರಷ್ಟು ಮತ ಬೇಕಿತ್ತು, ಬರಲಿಲ್ಲ. ಫೆಬ್ರವರಿ 15ರಂದು ಗ್ರಿಸ್‌ವೋಲ್ಡ್ ದಪ್ಪನೆಯ ಊರುಗೋಲು ಹಿಡಿದು ಬಂದು, ಕುಳಿತಿದ್ದ ಲಯನ್‌ನ ತಲೆ ಭುಜ ನೋಡದೆ ಬಾರಿಸಿದ. ಲಯನ್ ಬೆಂಕಿಗೂಡಿನತ್ತ ಓಡಿ ಇಕ್ಕಳ ಎತ್ತಿಕೊಂಡ. ಇಬ್ಬರೂ ನೆಲಕ್ಕುರುಳಿದರು. ಸಹಸದಸ್ಯರು ಗ್ರಿಸ್‌ವೋಲ್ಡ್‌ನ ಕಾಲು ಹಿಡಿದು ಎಳೆಯಬೇಕಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ ಫೆಡರಲಿಸ್ಟರು ಸರ್ಕಾರವನ್ನು ಟೀಕಿಸುವವರನ್ನು ಜೈಲಿಗೆ ಹಾಕುವ ಕಾಯ್ದೆ ತಂದರು. ಅಧ್ಯಕ್ಷ ಆಡಮ್ಸ್‌ನನ್ನು ಟೀಕಿಸಿದ್ದಕ್ಕೆ ಲಯನ್‌ಗೆ ನಾಲ್ಕು ತಿಂಗಳು ಸಜೆ, ಸಾವಿರ ಡಾಲರ್ ದಂಡ. ಅವನು ಜೈಲಿನಿಂದಲೇ ಚುನಾವಣೆ ಗೆದ್ದ. ಮೊಕದ್ದಮೆ ಬಿದ್ದಷ್ಟೂ ಮತ ಹೆಚ್ಚುತ್ತದೆ ಎಂಬುದನ್ನು ಇತ್ತೀಚಿನ ಆವಿಷ್ಕಾರ ಎಂದು ತಿಳಿದವರು ಗಮನಿಸಬೇಕು.

ಹಾಗಾದರೆ ನಡುವೆ ಒಂದಷ್ಟು ಕಾಲ ಶಾಂತಿ ಇದ್ದದ್ದು ಸುಳ್ಳೇ? ಇತ್ತು. ಪತ್ರಿಕೆಗಳ ಮಟ್ಟಿಗೆ ಅದು ಬಂದದ್ದು ಧರ್ಮಬುದ್ಧಿಯಿಂದಲ್ಲ, ಲಾಭದ ಲೆಕ್ಕದಿಂದ. 1833ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸೆಂಟಿನ ಪತ್ರಿಕೆ ಬಂತು, ಆಮೇಲೆ ಜಾಹೀರಾತು ಬಂತು. ಸೋಪು ಮಾರುವವನಿಗೆ ಎರಡೂ ಪಕ್ಷದವರು ಮೈ ತೊಳೆಯಬೇಕು. ನಿಷ್ಪಕ್ಷಪಾತ ಎಂಬ ಸದ್ಗುಣ ಆ ನೊರೆಯಲ್ಲಿ ಬೆಳೆಯಿತು. ರಾಜಕೀಯದ ಶಾಂತಿಗೆ ಬೆಲೆ ತೆತ್ತವರು ಬೇರೆಯೇ ಜನ. ಒಂದೇ ಡೆಮಾಕ್ರಟಿಕ್ ಪಕ್ಷದಲ್ಲಿ ಉತ್ತರದ ಕಾರ್ಮಿಕ ನಾಯಕರೂ ದಕ್ಷಿಣದ ವರ್ಣಭೇದದ ಜಮೀನ್ದಾರರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ದಕ್ಷಿಣದ ಕಪ್ಪು ಜನರ ಮತದಾನದ ಮಾತು ಎತ್ತಬಾರದು ಎಂಬುದು ಪಂಕ್ತಿಯ ಷರತ್ತು. 1964ರ ನಾಗರಿಕ ಹಕ್ಕುಗಳ ಕಾಯ್ದೆಯೊಂದಿಗೆ ಪಂಕ್ತಿ ಮುರಿಯಿತು. ದಕ್ಷಿಣ ಕ್ಯಾರೊಲಿನಾದ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಅದೇ ವರ್ಷ ಎಲೆ ಎತ್ತಿಕೊಂಡು ಎದುರು ಸಾಲಿಗೆ ಹೋಗಿ ಕುಳಿತ. ಹಿಂದೆಯೇ ಉಳಿದವರೂ ಮೆಲ್ಲಗೆ ಹೋದರು. ಆ ಹಳೆಯ ಸಾಮರಸ್ಯಕ್ಕಾಗಿ ಕಣ್ಣೀರಿಡುವವರು ಆಗ ಪಂಕ್ತಿಯ ಹೊರಗೆ ನಿಂತಿದ್ದವರನ್ನು ಒಮ್ಮೆ ಕೇಳಿ ನೋಡಬಹುದು.

ಆ ಶಾಂತಿಕಾಲದಲ್ಲಿ ಒಂದು ವಿಚಿತ್ರ ದೂರು ಬಂದಿತ್ತು. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ ಸಮಿತಿಯೊಂದು ದಪ್ಪ ವರದಿ ಬರೆಯಿತು. ಅದರ ಅಳಲು ಏನೆಂದರೆ, ನಮ್ಮ ಎರಡು ಪಕ್ಷಗಳ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ, ಮತದಾರ ಯಾರನ್ನು ಆರಿಸಬೇಕು, ಪಕ್ಷಗಳು ಇನ್ನಷ್ಟು ಗಟ್ಟಿಯಾಗಿ, ಇನ್ನಷ್ಟು ಬೇರೆಬೇರೆಯಾಗಿ ನಿಲ್ಲಬೇಕು. ಪಂಡಿತರ ಪ್ರಾರ್ಥನೆಯನ್ನು ದೇವರು ಇಷ್ಟು ಅಕ್ಷರಶಃ ಈಡೇರಿಸಿದ ಉದಾಹರಣೆ ನನಗೆ ಬೇರೆ ತಿಳಿಯದು.

ಈಡೇರಿಸಲು ದೇವರು ಕಳಿಸಿದ್ದು ಕ್ಯಾಮೆರಾ. 1979ರಲ್ಲಿ ಕೆಳಮನೆಯ ಕಲಾಪ ಟೀವಿಯಲ್ಲಿ ಬರತೊಡಗಿತು. ಕ್ಯಾಮೆರಾ ಮಾತನಾಡುವವರ ಮೇಲೆ ಮಾತ್ರ ಇರಬೇಕು ಎಂಬುದು ನಿಯಮ. ನ್ಯೂಟ್ ಗಿಂಗ್ರಿಚ್ ಎಂಬ ಜಾರ್ಜಿಯಾದ ರಿಪಬ್ಲಿಕನ್ ಸದಸ್ಯ ಮತ್ತವನ ಗೆಳೆಯರು ಇದರ ಮರ್ಮ ಹಿಡಿದರು. ದಿನದ ಕೆಲಸ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಎದ್ದು ನಿಂತು ವಿರೋಧಿಗಳನ್ನು ಹಿಗ್ಗಾಮುಗ್ಗ ಬೈದು, ತಾಕತ್ತಿದ್ದರೆ ಉತ್ತರ ಕೊಡಿ ಎಂದು ಸವಾಲು ಹಾಕುತ್ತಿದ್ದರು. ಟೀವಿ ನೋಡುವವರಿಗೆ ಎದುರು ಪಕ್ಷ ಬಾಯಿ ಮುಚ್ಚಿ ಕುಳಿತ ಹಾಗೆ ಕಾಣುತ್ತಿತ್ತು. ಕುಳಿತಿದ್ದದ್ದು ಖಾಲಿ ಕುರ್ಚಿಗಳು. 1984ರ ಮೇ ತಿಂಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಸಭಾಧ್ಯಕ್ಷ ಟಿಪ್ ಓನೀಲ್ ತಾಳ್ಮೆಗೆಟ್ಟು, ಕ್ಯಾಮೆರಾ ತಿರುಗಿಸಿ ಇಡೀ ಸದನ ತೋರಿಸಿ ಎಂದು ಆಜ್ಞೆ ಮಾಡಿದ. ಸಾಲು ಸಾಲು ಖಾಲಿ ಕುರ್ಚಿಗಳ ನಡುವೆ ಒಬ್ಬ ಸದಸ್ಯ ಗಾಳಿಗೆ ಗುದ್ದುತ್ತಿದ್ದದ್ದು ದೇಶಕ್ಕೆಲ್ಲ ಕಂಡಿತು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಎದುರಿಗೆ ಯಾರೂ ಇಲ್ಲದಿದ್ದರೂ ಜಗಳ ನಡೆಯುತ್ತದೆ, ನೋಡುವವರಿದ್ದರೆ ಸಾಕು ಎಂಬ ಸತ್ಯ ಅಂದು ಸಾಬೀತಾಯಿತು. 1990ರಲ್ಲಿ ಗಿಂಗ್ರಿಚ್‌ನ ಸಂಘಟನೆ ತನ್ನ ಅಭ್ಯರ್ಥಿಗಳಿಗೆ ಪದಗಳ ಪಟ್ಟಿಯನ್ನೇ ಹಂಚಿತು. ನಮ್ಮವರಿಗೆ ಧೈರ್ಯ, ಕುಟುಂಬ, ಸ್ವಾತಂತ್ರ್ಯ. ಅವರಿಗೆ ದ್ರೋಹಿ, ಭ್ರಷ್ಟ, ರೋಗಿಷ್ಠ. ಬಿಸಿನೀರಿಗೆ ಹಾಕಿದರೆ ಸಾರಾಗುವ ಪೊಟ್ಟಣ.

ಮಾರುಕಟ್ಟೆಯೂ ಹದವಾಗಿತ್ತು. ರೇಡಿಯೊ, ಟೀವಿ ಕೇಂದ್ರಗಳು ವಿವಾದದ ಎರಡೂ ಬದಿ ತೋರಿಸಬೇಕೆಂದು 1949ರಲ್ಲಿ ಮಾಡಿದ್ದ ನಿಯಮವನ್ನು ಸರ್ಕಾರಿ ಆಯೋಗ 1987ರಲ್ಲಿ ತೆಗೆದುಹಾಕಿತು. ಮರುವರ್ಷವೇ ರಶ್ ಲಿಂಬಾ ಎಂಬ ಬಲಪಂಥೀಯ ಮಾತುಗಾರ ದೇಶದ ತುಂಬ ರೇಡಿಯೊದಲ್ಲಿ ಗುಡುಗಿದ. ಕೇಬಲ್ ಟೀವಿಗೆ ಆ ನಿಯಮದ ತೊಡಕೂ ಇರಲಿಲ್ಲ. 1996ರ ಜುಲೈಯಲ್ಲಿ ಎಂಎಸ್‌ಎನ್‌ಬಿಸಿ, ಅಕ್ಟೋಬರಿನಲ್ಲಿ ಫಾಕ್ಸ್ ನ್ಯೂಸ್. ಫಾಕ್ಸ್ ನಡೆಸಲು ಬಂದ ರೋಜರ್ ಏಲ್ಸ್ ಹಿಂದೆ ರಿಪಬ್ಲಿಕನ್ ಪಕ್ಷದ ನಿಕ್ಸನ್‌ನ ಟೀವಿ ಪ್ರಚಾರ ನೋಡಿಕೊಂಡವನು. ಫೆನ್ನೊ, ಫ್ರೆನೊ ಮತ್ತೆ ಹುಟ್ಟಿ ಬಂದರು. ಈ ಸಲ ಸಂಬಳ ಮಾತ್ರ 250 ಡಾಲರ್ ಅಲ್ಲ.

ಜಗಳ ಊಟದ ಮನೆಗೆ ಬಂದದ್ದು ಹೊಸದು, ಒಪ್ಪುತ್ತೇನೆ. ನಿಮ್ಮ ಮಗ ಅಥವಾ ಮಗಳು ಬೇರೆ ಪಕ್ಷದವರನ್ನು ಮದುವೆಯಾದರೆ ಬೇಸರವೇ ಎಂದು 1960ರಲ್ಲಿ ಕೇಳಿದಾಗ ನೂರರಲ್ಲಿ ಐದು ಮಂದಿ ಹೌದು ಎಂದಿದ್ದರು. 2010ರಲ್ಲಿ ರಿಪಬ್ಲಿಕನ್ನರಲ್ಲಿ ಹತ್ತಿರಹತ್ತಿರ ಅರ್ಧ, ಡೆಮಾಕ್ರಟರಲ್ಲಿ ಮೂರನೇ ಒಂದು ಭಾಗ. ಕುಲಗೋತ್ರ ಕೇಳುವುದು ಹಿಂದುಳಿದ ದೇಶದವರ ಚಾಳಿ ಎಂದು ನಮಗೆ ಬುದ್ಧಿ ಹೇಳುತ್ತಿದ್ದವರು ಈಗ ಹುಡುಗನ ಮತಪತ್ರ ಹಿಡಿದು ಜಾತಕ ನೋಡುತ್ತಿದ್ದಾರೆ. ಮೇಳಾಮೇಳಿ ನೋಡಿಕೊಡಲು ನಮ್ಮ ಕಡೆಯ ಜೋಯಿಸರು ಸಿದ್ಧರಿದ್ದಾರೆ, ದಕ್ಷಿಣೆ ಡಾಲರಿನಲ್ಲಿ.

ಅಂದ ಹಾಗೆ ಆ ವಿದಾಯಪತ್ರವನ್ನು ಸಂಸತ್ತಿನಲ್ಲಿ ಮೊದಲ ಸಲ ಓದಿಸಿದ್ದು 1862ರಲ್ಲಿ, ದೇಶ ಎರಡಾಗಿ ಫಿರಂಗಿ ಹಾರಿಸಿಕೊಳ್ಳುತ್ತಿದ್ದಾಗ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲೂ ಅವರಿಗೆ ನಿಷ್ಠೆಯಿದೆ. ಪಾರಾಯಣ ಮುಗಿದ ಮೇಲೆ ಓದಿದವರು ಕಪ್ಪು ಚರ್ಮದ ರಟ್ಟಿನ ಪುಸ್ತಕವೊಂದರಲ್ಲಿ ತಮ್ಮ ಅನಿಸಿಕೆಯ ನಾಲ್ಕು ಸಾಲು ಬರೆದು ಸಹಿ ಹಾಕಬೇಕು. ಹಾಕುತ್ತಾರೆ. ಗುಮಾಸ್ತರು ಪುಸ್ತಕ ಮುಚ್ಚಿ ಒಳಗಿಡುತ್ತಾರೆ. ಮುಂದಿನ ವರ್ಷದ ಪಾಳಿ ಆ ಕಡೆಯವರದು.