ಎಲೆ ಯಾವುದಾದರೂ ಇರಲಿ, ಫಲಿತಾಂಶ ಗಣನೀಯ

ಆ ಫೋಟೋ ನೀವೂ ನೋಡಿರುತ್ತೀರಿ. ಒಂದು ಅಶ್ವಗಂಧದ ಸಸಿ, ಅದನ್ನು ಹಿಡಿದ ಒಂಬತ್ತು ಕೈ, ಹಿಂದೆ ಕತ್ತು ಚಾಚಿದ ಇನ್ನೊಂದಿಷ್ಟು ಮುಖ. ನಮ್ಮ ದಾವಣಗೆರೆ ಕಡೆಯ ಕಾಲೇಜೊಂದರಲ್ಲಿ ಔಷಧಿ ಸಸ್ಯವನ ಉದ್ಘಾಟನೆಯಾದ ಸುದ್ದಿ. ಯಾರು ಸ್ವಾಗತಿಸಿದರು, ಯಾರು ವಂದಿಸಿದರು, ಪ್ರಾರ್ಥನೆ ಹಾಡಿದವರು ಯಾರು, ಎಲ್ಲಾ ಇದೆ. ವನದಲ್ಲಿ ಏನೇನು ಗಿಡ ಇದೆ ಅಂತ ಮಾತ್ರ ಇಲ್ಲ.

ಹೋಗಿ ನೋಡಿ ಬಂದೆ. ತುಳಸಿ ಇದೆ. ಲೋಳೆಸರ ಇದೆ. ದೊಡ್ಡಪತ್ರೆ, ಒಂದೆಲಗ, ನಿತ್ಯಪುಷ್ಪ ಇವೆ. ನಮ್ಮ ಬೀದಿಯ ಯಾವ ಅಜ್ಜಿಯ ಮನೆ ಮುಂದೆ ನೋಡಿದರೂ ಒಡೆದ ಬಕೆಟ್ಟಿನಲ್ಲಿ ಇಷ್ಟು ಬೆಳೆದಿರುತ್ತದೆ. ಆದರೆ ಅಜ್ಜಿಯ ಬಕೆಟ್ಟಿಗೆ ಗ್ರಾನೈಟ್ ಫಲಕ ಇಲ್ಲ. ಇಲ್ಲಿ ಇದೆ. ಫಲಕದ ಮೇಲಿನ ಹೆಸರುಗಳು ವನದ ಗಿಡಗಳಿಗಿಂತ ಜಾಸ್ತಿ. ಅವಕ್ಕೆ ನೀರು ಹಾಕುವ ಕಷ್ಟವೂ ಇಲ್ಲ.

ಪ್ರತಿ ಗಿಡದ ಮುಂದೆ ಒಂದು ತಗಡಿನ ಬೋರ್ಡು. ನಿತ್ಯಪುಷ್ಪದ ಬೋರ್ಡಿನಲ್ಲಿ ‘ಕ್ಯಾನ್ಸರ್ ನಿವಾರಕ’ ಅಂತ ಬರೆದಿದೆ. ಅಷ್ಟೇ. ಪಕ್ಕದಲ್ಲಿ ನಿಂತಿದ್ದವರೊಬ್ಬರು ಎರಡು ಎಲೆ ಕಿತ್ತು ಜೇಬಿಗೆ ಹಾಕಿಕೊಂಡರು. ಯಾರಿಗೆ ಅಂತ ಕೇಳಲು ಧೈರ್ಯ ಆಗಲಿಲ್ಲ.

ಈ ಗಿಡದ ಕತೆ ಹೇಳಲೇಬೇಕು, ಸ್ವಲ್ಪ ಉದ್ದ ಆದರೂ ಸರಿ. ಮೊದಲನೆಯದಾಗಿ, ಉದ್ಘಾಟನೆಯ ಭಾಷಣದಲ್ಲಿ ಇದನ್ನು ನಮ್ಮ ಋಷಿಗಳು ಕಂಡುಹಿಡಿದ ಗಿಡ ಅಂದದ್ದು ತಪ್ಪು. ಮಡಗಾಸ್ಕರ್‌ನಿಂದ ಬಂದದ್ದು. ಜಮೈಕಾದಲ್ಲಿ ಜನ ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಒಂದು ಲಕೋಟೆಯಲ್ಲಿ ಕೆಲವು ಎಲೆಗಳು ಕೆನಡಾದ ಡಾಕ್ಟರ್ ಕ್ಲಾರ್ಕ್ ನೋಬಲ್ ಕೈಗೆ ಬಂದವು. ಅವರು ಅದನ್ನು ಸಂಶೋಧನೆಯಲ್ಲಿದ್ದ ತಮ್ಮ ಸಹೋದರ ರಾಬರ್ಟ್‌ಗೆ ಕೊಟ್ಟರು. ರಾಬರ್ಟ್ ಇಲಿಗಳಿಗೆ ಎಲೆಯ ಸಾರ ಕುಡಿಸಿದರು. ಸಕ್ಕರೆ ಇಳಿಯಲಿಲ್ಲ. ಇಂಜೆಕ್ಷನ್ ಕೊಟ್ಟು ನೋಡಿದರು. ಇಲಿಗಳು ಸೋಂಕು ತಗುಲಿ ಸತ್ತವು.

ನಮ್ಮಲ್ಲಾಗಿದ್ದರೆ ಏನಾಗುತ್ತಿತ್ತು ಹೇಳಿ. ಸತ್ತ ಇಲಿಗಳನ್ನು ಕೋಷ್ಟಕದಿಂದ ತೆಗೆದು, ‘ರಕ್ತದ ಸಕ್ಕರೆಯಲ್ಲಿ ಗಣನೀಯ ಇಳಿಕೆ ಕಂಡುಬಂದಿದೆ’ ಅಂತ ಬರೆದು, ಬೈಂಡ್ ಮಾಡಿಸಿ, ಚಿನ್ನದ ಅಕ್ಷರ ಹಾಕಿಸುತ್ತಿದ್ದೆವು. ಆ ಮನುಷ್ಯ ಹಾಗೆ ಮಾಡಲಿಲ್ಲ. ಇವು ಯಾಕೆ ಸತ್ತವು ಅಂತ ನೋಡುತ್ತಾ ಕೂತರು. ಬಿಳಿ ರಕ್ತಕಣಗಳು ಕುಸಿದಿದ್ದವು. ಹಾಗಾದರೆ ಬಿಳಿ ರಕ್ತಕಣ ಮಿತಿಮೀರಿ ಬೆಳೆಯುವ ಕಾಯಿಲೆಗೆ ಇದು ಆಗಬಹುದಲ್ಲ? 1954ರಲ್ಲಿ ರಸಾಯನ ವಿಜ್ಞಾನಿ ಚಾರ್ಲ್ಸ್ ಬಿಯರ್ ಬಂದು ಜೊತೆ ಸೇರಿದರು. 1958ಕ್ಕೆ ವಿನ್‌ಬ್ಲಾಸ್ಟಿನ್ ಅನ್ನುವ ಕ್ಯಾನ್ಸರ್ ಔಷಧ ಕೈಗೆ ಬಂತು. ಸ್ವಲ್ಪ ಕಾಲದಲ್ಲೇ ಅದೇ ಗಿಡದಿಂದ ಇನ್ನೊಂದು ತಂಡಕ್ಕೆ ವಿನ್‌ಕ್ರಿಸ್ಟಿನ್ ಸಿಕ್ಕಿತು. ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಇವತ್ತಿಗೂ ಕೊಡುವ ಔಷಧಗಳಲ್ಲಿ ಅದೂ ಒಂದು. ಒಂದು ಗ್ರಾಂ ತೆಗೆಯಲು ಕ್ವಿಂಟಾಲ್‌ಗಟ್ಟಲೆ ಒಣ ಎಲೆ ಬೇಕು. ರಕ್ತನಾಳಕ್ಕೆ ಅಳೆದು ಕೊಡಬೇಕಾದ ಔಷಧ ಅದು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಕೊಟ್ಟರೆ ಜೀವ ಹೋಗುತ್ತದೆ. ಜೇಬಿನಲ್ಲಿ ಹೋದ ಆ ಎರಡು ಎಲೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬೋರ್ಡು ಬರೆಸಿದವರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ತಗಡು ಸಣ್ಣದಿತ್ತು.

ಈಗ ಪಿಜಿ ಲ್ಯಾಬಿಗೆ ಬನ್ನಿ. ಯಾವ ಕಾಲೇಜು ಅಂತ ಕೇಳಬೇಡಿ. ಔಷಧಿ ಸಸ್ಯಗಳ ಮೇಲೆ ಪ್ರಾಜೆಕ್ಟು ಮಾಡುವುದು ನಮ್ಮಲ್ಲಿ ಸತ್ಯನಾರಾಯಣ ಪೂಜೆಯ ಹಾಗೆ. ಕತೆ ಅದೇ, ಪೂಜೆಗೆ ಕೂರುವವರು ಮಾತ್ರ ಬೇರೆ.

ಮೊದಲು ಗಿಡ. ಅದನ್ನು ಗೈಡು ಹೇಳುತ್ತಾರೆ. ಅವರಿಗೆ ಅವರ ಗೈಡು ಹೇಳಿದ್ದರು. ಸೀನಿಯರ್ ಉತ್ತರಾಣಿಯ ಎಲೆ ಮಾಡಿದ್ದರೆ ನೀವು ಬೇರು ಮಾಡಿ. ಬೇರೂ ಆಗಿದ್ದರೆ ಕಾಂಡ. ಅದೂ ಆಗಿಹೋಗಿದ್ದರೆ ಜಗಳೂರಿನ ಉತ್ತರಾಣಿ ಬೇರೆ, ಹರಿಹರದ ಉತ್ತರಾಣಿ ಬೇರೆ. ನೆರಳಲ್ಲಿ ಒಣಗಿಸಿ, ಹಾಸ್ಟೆಲ್ಲಿನ ಮಿಕ್ಸಿಯಲ್ಲಿ ಪುಡಿ ಮಾಡಿ, ಸಾಕ್ಸ್‌ಲೆಟ್ಟಿಗೆ ತುಂಬಿ. ಪುಡಿಯಿಂದ ಸಾರ ಇಳಿಸುವ ಈ ಗಾಜಿನ ಉಪಕರಣವನ್ನು ಜರ್ಮನಿಯ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ 1879ರಲ್ಲಿ ಹಾಲಿನ ಕೊಬ್ಬು ಅಳೆಯಲು ಮಾಡಿದ್ದು. ಕೆಲವು ಲ್ಯಾಬುಗಳಲ್ಲಿ ಅದನ್ನು ಕಾಯಿಸುವ ಹೀಟಿಂಗ್ ಮ್ಯಾಂಟಲ್ ನೋಡಿದರೆ ಅದೂ ಆಗಿನದೇ ಇರಬೇಕು ಅನ್ನಿಸುತ್ತದೆ. ಸಾರ ಇಳಿಸಲು ಮೊದಲು ಪೆಟ್ರೋಲಿಯಂ ಈಥರ್, ಆಮೇಲೆ ಕ್ಲೋರೋಫಾರ್ಮ್, ಆಮೇಲೆ ಮೆಥನಾಲ್. ಮಧ್ಯೆ ಕರೆಂಟು ಹೋಗುತ್ತದೆ. ಬಂದಮೇಲೆ ಮತ್ತೆ ಶುರು.

ಆಮೇಲೆ ಸಾರದಲ್ಲಿ ಯಾವ ಬಗೆಯ ರಾಸಾಯನಿಕ ಇದೆ ಅಂತ ನೋಡುವ ಬಣ್ಣದ ಪರೀಕ್ಷೆ. ಮೇಯರ್ ದ್ರಾವಣ ಹಾಕಿದರೆ ಕೆನೆಬಣ್ಣದ ಮಡ್ಡಿ, ಆಲ್ಕಲಾಯ್ಡ್ ಇದೆ. ಫೆರಿಕ್ ಕ್ಲೋರೈಡ್ ಹಾಕಿದರೆ ಕಡುನೀಲಿ, ಟ್ಯಾನಿನ್ ಇದೆ. ನೀರು ಹಾಕಿ ಕುಲುಕಿದರೆ ನೊರೆ, ಸ್ಯಾಪೊನಿನ್ ಇದೆ. ಇವು ಒಂದೂ ಇಲ್ಲದ ಎಲೆ ಹುಡುಕಿಕೊಟ್ಟವರಿಗೆ ನಿಜಕ್ಕೂ ಪಿಎಚ್‌ಡಿ ಕೊಡಬೇಕು. ಕೋಷ್ಟಕದಲ್ಲಿ ಪ್ಲಸ್, ಪ್ಲಸ್, ಎರಡು ಪ್ಲಸ್. ನೋಡಲು ಚೆನ್ನಾಗಿರುತ್ತದೆ.

ಮುಂದಿನದು ಡಿಪಿಪಿಎಚ್ ಅನ್ನುವ ರಾಸಾಯನಿಕದ ಪರೀಕ್ಷೆ. ನೇರಳೆ ದ್ರಾವಣಕ್ಕೆ ಎಲೆಯ ಸಾರ ಹಾಕಿದರೆ ಹಳದಿಗೆ ತಿರುಗುತ್ತದೆ. ಆಂಟಿಆಕ್ಸಿಡೆಂಟ್! ಚಪ್ಪಾಳೆ! ಕಾಫಿ ಹಾಕಿದರೂ ತಿರುಗುತ್ತದೆ ಸ್ವಾಮಿ. ಅರಿಶಿನ, ಬೆಳ್ಳುಳ್ಳಿ, ಮೆಣಸಿನಕಾಯಿ ಬಿದ್ದ ನಮ್ಮ ಮಂಡಕ್ಕಿ ಒಗ್ಗರಣೆಯ ಸಾರ ತೆಗೆದು ಹಾಕಿದರೂ ತಿರುಗುತ್ತದೆ. ಮಂಡಕ್ಕಿ ಮಿರ್ಚಿ ಆರೋಗ್ಯಕ್ಕೆ ಒಳ್ಳೇದು ಅಂತ ದಾವಣಗೆರೆಯವರಿಗೆ ಮೊದಲಿಂದಲೂ ಗೊತ್ತು, ಪ್ರಬಂಧ ಬರೆದಿಲ್ಲ ಅಷ್ಟೇ. ಕೊನೆಗೆ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸಾಯಿಸುವ ಕಾರ್ಯಕ್ರಮ. ತಟ್ಟೆಯಲ್ಲಿ ಅವನ್ನು ಸಾಯಿಸುವುದು ದೊಡ್ಡ ಮಾತಲ್ಲ, ವಿನೆಗರ್ ಸುರಿದರೂ ಸಾಯುತ್ತವೆ. ಮನುಷ್ಯನ ರಕ್ತದೊಳಗೆ ಅಷ್ಟು ಪ್ರಮಾಣ ತಲುಪುತ್ತದಾ, ತಲುಪಿದರೆ ಮನುಷ್ಯ ಉಳಿಯುತ್ತಾನಾ ಅನ್ನೋದು ಪ್ರಶ್ನೆ. ಅದು ಸಿಲೆಬಸ್ಸಿನಲ್ಲಿ ಇಲ್ಲ.

ಅರಿಶಿನದ ಮಾತು ಬಂತು. ಅಮೆರಿಕ ಕೊಟ್ಟಿದ್ದ ಅರಿಶಿನದ ಪೇಟೆಂಟನ್ನು 1997ರಲ್ಲಿ ನಾವು ರದ್ದು ಮಾಡಿಸಿದೆವು. ಒಳ್ಳೆಯ ಕೆಲಸ. ಆದರೆ ಆ ಸನ್ಮಾನದ ಶಾಲನ್ನು ಇನ್ನೂ ಹೆಗಲಿನಿಂದ ತೆಗೆದಿಲ್ಲ. 2017ರಲ್ಲಿ ಕೆಲವು ರಸಾಯನ ವಿಜ್ಞಾನಿಗಳು ಅರಿಶಿನದ ಕರ್ಕ್ಯುಮಿನ್ ಮೇಲೆ ಅಲ್ಲಿಯವರೆಗೆ ಬಂದಿದ್ದ ಪ್ರಬಂಧಗಳ ರಾಶಿಯನ್ನು ಜಾಲಾಡಿದರು. ಇದು ಪರೀಕ್ಷೆಯನ್ನೇ ದಾರಿ ತಪ್ಪಿಸುವ ಅಣು, ದೇಹ ಇದನ್ನು ಸರಿಯಾಗಿ ಹೀರಿಕೊಳ್ಳುವುದೂ ಇಲ್ಲ ಅಂತ ಬರೆದರು. ಆ ಪ್ರಬಂಧ ನಮ್ಮ ಕಡೆಗೆ ಬರುವ ಬಸ್ಸು ಇನ್ನೂ ಹೊರಟ ಹಾಗಿಲ್ಲ.

ಪ್ರತಿ ಪ್ರಾಜೆಕ್ಟಿನ ಕೊನೆಯ ಸಾಲು ಒಂದೇ: ‘ಈ ಬಗ್ಗೆ ಹೆಚ್ಚಿನ ಅಧ್ಯಯನ ಅಗತ್ಯ.’ ಆ ಹೆಚ್ಚಿನ ಅಧ್ಯಯನ ಯಾರೂ ಮಾಡುವುದಿಲ್ಲ. ಮಾಡಲು ಬಿಡುವುದೂ ಇಲ್ಲ.

ಹೇಗೆ ಅಂತೀರಾ? ಲ್ಯಾಬಿಗೆ ಎಥನಾಲ್ ಬೇಕೆಂದರೆ ಅಬಕಾರಿ ಇಲಾಖೆಯ ಅನುಮತಿ ಬೇಕು. ರಸ್ತೆ ದಾಟಿ ಎದುರಿನ ಬಾರಿಗೆ ಹೋಗಲು ಬೇಡ. ಹೊರದೇಶದಿಂದ ಬರುವ ಲ್ಯಾಬ್ ರಾಸಾಯನಿಕಗಳ ಸುಂಕವನ್ನು 2024ರ ಜುಲೈ ಬಜೆಟ್ಟಿನಲ್ಲಿ ಶೇ 10ರಿಂದ ಏಕ್‌ದಂ ಶೇ 150ಕ್ಕೆ ಏರಿಸಿದ್ದರು, ನೆನಪಿದೆಯಾ? ವಿಜ್ಞಾನಿಗಳು ಬಾಯಿ ಬಡಿದುಕೊಂಡ ಮೇಲೆ ಕೆಲವೇ ದಿನದಲ್ಲಿ ಷರತ್ತು ಹಾಕಿ ಮತ್ತೆ ಶೇ 10ಕ್ಕೆ ತಂದರು. ಸುಮ್ನೆ ಹೆದರಿಸಿ ನೋಡಿದ್ದು ಅಂತ ಕಾಣುತ್ತದೆ. ಚಿತ್ರದುರ್ಗದ ಹುಡುಗಿಯೊಬ್ಬಳು ಜೋಗಿಮಟ್ಟಿಯಿಂದ ಎಲೆ ತರಬೇಕೆಂದರೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು. ಹಾಕಬೇಕಾದ್ದೇ, ಅದು ವನ್ಯಧಾಮ, ಕಾಡು ಉಳಿಯಬೇಕಲ್ಲ. ಆದರೆ ಉತ್ತರ ಬರುವ ಹೊತ್ತಿಗೆ ಗಿಡ ಹೂಬಿಟ್ಟು, ಕಾಯಾಗಿ, ಉದುರಿ ಹೋಗಿರುತ್ತದೆ. ಏಳು ಸುತ್ತಿನ ಕೋಟೆಗೆ 1779ರಲ್ಲಿ ಹೈದರಾಲಿ ನುಗ್ಗಿದ, ಸರಿ. ಇಂಡೆಂಟು, ಮೂರು ಕೊಟೇಶನ್ನು, ಅಕೌಂಟ್ಸ್ ಸೆಕ್ಷನ್ನು ದಾಟಿ ಒಂದು ಬಾಟಲಿ ಮೆಥನಾಲ್ ತರುವುದು ಅವನ ಕೈಯಲ್ಲೂ ಆಗುತ್ತಿರಲಿಲ್ಲ. ಅದು ಮಾರ್ಚ್ 31ಕ್ಕೆ ಬರುತ್ತದೆ. ಆಗ ಆ ಹುಡುಗಿ ವೈವಾ ಮುಗಿಸಿ ಮನೆಗೆ ಹೋಗಿರುತ್ತಾಳೆ.

ಮನೆಯಲ್ಲಿ ನೆಂಟರು ಕಾದಿರುತ್ತಾರೆ.

‘ಏನವ್ವಾ, ಔಷಧಿ ಗಿಡದ ಮೇಲೇ ಓದಿದೀಯಂತೆ. ಶುಗರಿಗೆ ಯಾವ ಎಲೆ ಒಳ್ಳೇದು ಹೇಳು.’

‘ಮಾತ್ರೆ ಮಾತ್ರ ಬಿಡಬೇಡಿ ಮಾವ.’

‘ಅಷ್ಟು ದುಡ್ಡು ಸುರಿದು ಇದನ್ನಾ ಕಲಿತಿದ್ದು?’

ಮಾವನಿಗೆ ಆಗಲೇ ವಾಟ್ಸಾಪಿನಲ್ಲಿ ಮಧುನಾಶಿನಿ ಸಿಕ್ಕಿದೆ. ಆ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದ ಹಾಗಾಗುತ್ತದೆ, ನಿಜ. ಅದರ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯಲ್ಲಿ ಸಿಹಿ ಗುರುತಿಸುವ ಜಾಗವನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತವೆ. ನಾಲಿಗೆಗೆ ಆದದ್ದು ರಕ್ತಕ್ಕೂ ಆಯಿತು ಅಂದುಕೊಂಡು ಮಾವ ಹಬ್ಬಕ್ಕೆ ನಾಲ್ಕು ಹೋಳಿಗೆ ಜಾಸ್ತಿ ತಿನ್ನುತ್ತಾರೆ. ಕೊರೊನಾ ಕಾಲದಲ್ಲಿ ಇದೇ ಮಾವ ಅಮೃತಬಳ್ಳಿ ಕುಡಿದವರು. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಕುಡಿದ ಕೆಲವರ ಲಿವರಿಗೆ ಪೆಟ್ಟಾಗಿದೆ ಅಂತ ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂದಿತು. ಇರಬಹುದಪ್ಪಾ. ಹಾಗಾದರೆ ಜನ ಕುಡಿಯುತ್ತಿರುವುದು ಯಾವ ಬಳ್ಳಿ, ಅದರಲ್ಲಿ ಏನಿದೆ ಅಂತ ಹೇಳಬೇಕಾದವರು ಯಾರು? ಇದೇ ಹುಡುಗಿಯರು, ಇದೇ ಹುಡುಗರು. ಅವರ ಕೈಗೆ ನಾವು ಕೊಟ್ಟಿರುವುದು ಮಿಕ್ಸಿ.

ನನಗೆ ಇದರಲ್ಲಿ ನಗು ಬರುವುದು ನಿಂತು ಬಹಳ ದಿನ ಆಯಿತು. ಮೊಳಕಾಲ್ಮೂರು, ಚಳ್ಳಕೆರೆ, ಜಗಳೂರು ಕಡೆಯಿಂದ ಬಸ್ ಪಾಸಿನಲ್ಲಿ ಬರುವ ಮಕ್ಕಳು ಇವರು. ಸಾರದಲ್ಲಿರುವುದನ್ನು ಬೇರ್ಪಡಿಸಲು ಬೇಕಾದ ಸಿಲಿಕಾ ಜೆಲ್ ಅನ್ನು ಕೈಯಿಂದ ದುಡ್ಡು ಹಾಕಿ ತರುತ್ತಾರೆ. ಅಣುವಿನ ರಚನೆ ತಿಳಿಸುವ ಒಂದು ಎನ್‌ಎಂಆರ್ ಪರೀಕ್ಷೆ ಮಾಡಿಸಲು ಸಣ್ಣ ಸೀಸೆಯನ್ನು ಬೆಂಗಳೂರಿಗೆ ಒಯ್ದು, ಫೀಸು ಕಟ್ಟಿ, ವಾರಗಟ್ಟಲೆ ಕಾಯುತ್ತಾರೆ. ವಿದ್ಯಾರ್ಥಿವೇತನ ಕೋರ್ಸು ಮುಗಿದಮೇಲೆ ಬರುತ್ತದೆ. ಇವರು ಕಾಪಿ ಹೊಡೆಯುತ್ತಾರೆ ಅಂತ ಬೈಯುತ್ತೀರಲ್ಲ, ‘ಈ ಎಲೆಯಲ್ಲಿ ಉಪಯೋಗಕ್ಕೆ ಬರುವಂಥದ್ದು ಏನೂ ಸಿಗಲಿಲ್ಲ’ ಅಂತ ಒಬ್ಬ ಹುಡುಗ ನಿಜ ಬರೆದರೆ ಅವನನ್ನು ಪಾಸು ಮಾಡುವ ಗಂಡಸು ನಿಮ್ಮಲ್ಲಿ ಯಾರಿದ್ದೀರಿ? ಸುಳ್ಳು ಹೇಳದಿದ್ದರೆ ಡಿಗ್ರಿ ಇಲ್ಲ ಅಂತ ನೀವೇ ಕಲಿಸಿದ್ದೀರಿ. ಆಮೇಲೆ ಗ್ರಾನೈಟಿಗೆ ಮಾತ್ರ ಟೆಂಡರ್ ಒಂದೇ ವಾರದಲ್ಲಿ ಆಗುತ್ತದೆ.

ಓದಿದವರು ಎಲ್ಲಿಗೆ ಹೋಗುತ್ತಾರೆ? ಕೆಲವರು ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕುತ್ತಾರೆ. ಕೆಲವರು ಮೆಡಿಕಲ್ ರೆಪ್ ಆಗುತ್ತಾರೆ. ಆಡುಸೋಗೆಯಲ್ಲಿ ವ್ಯಾಸಿಸಿನ್ ಅನ್ನುವ ಆಲ್ಕಲಾಯ್ಡ್ ಇದೆ. ಅದನ್ನು ಮಾದರಿಯಾಗಿ ಇಟ್ಟುಕೊಂಡೇ ಜರ್ಮನಿಯವರು ಬ್ರೋಮ್‌ಹೆಕ್ಸಿನ್ ಮಾಡಿದ್ದು. ಅದು ದೇಹದೊಳಗೆ ಬದಲಾದಾಗ ಬರುವುದು ಆಂಬ್ರೋಕ್ಸಾಲ್. ನಿಮ್ಮ ಮನೆಯ ಕಫದ ಸಿರಪ್ಪಿನ ಬಾಟಲಿ ತಿರುಗಿಸಿ, ಇವೆರಡರಲ್ಲಿ ಒಂದು ಇರುವ ಸಾಧ್ಯತೆ ಜಾಸ್ತಿ. ಎರಡು ವರ್ಷ ಆಡುಸೋಗೆ ಎಲೆ ಕುದಿಸಿ ‘ಆಲ್ಕಲಾಯ್ಡ್, ಎರಡು ಪ್ಲಸ್’ ಅಂತ ಬರೆದ ಹುಡುಗ ಈಗ ಟೈ ಕಟ್ಟಿಕೊಂಡು ಅದೇ ಸಿರಪ್ಪು ಮಾರುತ್ತಾನೆ. ಟಾರ್ಗೆಟ್ ಮುಟ್ಟದಿದ್ದರೆ ಅದೂ ಹೋಗುತ್ತದೆ.

ಆದರೂ ಸಂಶೋಧನೆ ನಿಂತಿದೆ ಅಂತ ಯಾರೂ ತಿಳಿಯಬಾರದು. ಮುಂದಿನ ತಿಂಗಳು ಔಷಧಿ ಸಸ್ಯಗಳ ಬಗ್ಗೆ ರಾಷ್ಟ್ರೀಯ ವಿಚಾರ ಸಂಕಿರಣ ಇದೆಯಂತೆ, ಕರಪತ್ರ ಬಂದಿದೆ. ಸಸ್ಯಶಾಸ್ತ್ರ, ರಸಾಯನಶಾಸ್ತ್ರದವರ ಜೊತೆಗೆ ವಾಣಿಜ್ಯ, ಇತಿಹಾಸ, ದೈಹಿಕ ಶಿಕ್ಷಣ ವಿಭಾಗದವರೂ ಪ್ರಬಂಧ ಮಂಡಿಸಬಹುದು. ಬರಲಾಗದವರು ಶುಲ್ಕ ಕಟ್ಟಿದರೆ ಸಾಕು, ಮಂಡಿಸಿದ ಪ್ರಮಾಣಪತ್ರ ಮೇಲ್‌ಗೆ ಬರುತ್ತದೆ. ಪ್ರಬಂಧ ಕಳಿಸಲು ಕೊನೆಯ ದಿನವನ್ನು ಈಗಾಗಲೇ ಎರಡು ಸಲ ಮುಂದೂಡಿದ್ದಾರೆ.